ಗುರುವಾರದ ಜೋಡಿ

ಬೆಡ್‌ಶೀಟ್ ಮಡಚುವುದು ಒಬ್ಬರ ಕೆಲಸವಲ್ಲ. ಇದು ನನ್ನ ಮಾತಲ್ಲ, ದೊಡ್ಡಕ್ಕನ ಮಾತು. ಆಸ್ಪತ್ರೆಯ ಲಾಂಡ್ರಿಗೆ ನಾನು ಸೇರಿದ ದಿನ ನನ್ನ ಕೈಗೆ ಎರಡು ಮೂಲೆ ಕೊಟ್ಟು, ತಾನು ಎರಡು ಮೂಲೆ ಹಿಡಿದು, "ಬಟ್ಟೆ ನೋಡ್ಬೇಡ, ನನ್ನ ನೋಡು" ಅಂದಿದ್ದಳು. ಎಳೆ, ಕೊಡವು, ಅರ್ಧಕ್ಕೆ ತಾ, ಎದುರಿಗೆ ನಡೆದು ಬಾ, ನಿನ್ನ ಮೂಲೆ ನನಗೆ ಕೊಡು, ಕೆಳಗಿನ ಮಡಿಕೆ ಹಿಡಿದು ಮತ್ತೆ ಹಿಂದಕ್ಕೆ ಹೋಗು. ಅವತ್ತಿನಿಂದ ನಾವಿಬ್ಬರು ಜೋಡಿ. ಎಷ್ಟು ವರ್ಷವಾಯಿತು ಅಂತ ಕೇಳಬೇಡಿ. ಆಗ ತೊದಲುತ್ತಿದ್ದ ನನ್ನ ಮಗಳು ಈಗ ನನಗೇ ಬುದ್ಧಿ ಹೇಳುತ್ತಾಳೆ. ದೊಡ್ಡಕ್ಕ ವಯಸ್ಸಿನಲ್ಲಿ ನನಗಿಂತ ಬಹಳ ಹಿರಿಯಳು, ಮೊದಮೊದಲು ನೀವು, ತಾವು ಅನ್ನುತ್ತಿದ್ದೆ. ದಿನವಿಡೀ ಎದುರುಬದುರು ನಿಂತು ಮೂಲೆಗೆ ಮೂಲೆ ಕೂಡಿಸುವವರ ನಡುವೆ ಅದೆಲ್ಲ ಎಷ್ಟು ದಿನ ಉಳಿಯುತ್ತದೆ?

ಆ ದೊಡ್ಡಕ್ಕ ಗುರುವಾರ ನಿವೃತ್ತಿಯಾಗುವವಳಿದ್ದಳು. ನನಗೆ ಬೇಕಾಗಿದ್ದದ್ದು ಒಂದೇ. ಅವಳ ಕೊನೆಯ ಪಾಳಿಯಲ್ಲಿ ಎದುರಿಗೆ ನಾನೇ ಇರಬೇಕು. ಅವಳು ಮಡಚುವ ಕೊನೆಯ ಬೆಡ್‌ಶೀಟಿನ ಆ ಕಡೆಯ ಮೂಲೆಗಳು ನನ್ನ ಕೈಯಲ್ಲಿರಬೇಕು. ಇಷ್ಟು ಸಣ್ಣ ಆಸೆಗೆ ಅಷ್ಟು ದೊಡ್ಡ ರಗಳೆಯಾದೀತೆಂದು ಯಾರಿಗೆ ಗೊತ್ತಿತ್ತು? ಆ ವಾರ ನಾನು ಯಾವತ್ತು ಯಾಕೆ ಎಲ್ಲಿದ್ದೆ ಅನ್ನುವುದು ಈಗಲೂ ನನಗೆ ಸರಿಯಾಗಿ ಕೂಡಿಬರುವುದಿಲ್ಲ. ಹೇಳುತ್ತಾ ಹೋಗುತ್ತೇನೆ, ಹೇಳುತ್ತಲೇ ಗಂಟು ಬಿಚ್ಚಿಕೊಂಡರೂ ಬಿಚ್ಚಿಕೊಂಡೀತು.

ನಮ್ಮಲ್ಲಿ ಎರಡು ಪಾಳಿ. ಒಂದು ಬೆಳಗಿನದು, ಇನ್ನೊಂದು ಮಧ್ಯಾಹ್ನ ಶುರುವಾಗಿ ರಾತ್ರಿ ಮುಗಿಯುವುದು. ಯಾರಿಗೆ ಯಾವ ಪಾಳಿ ಅನ್ನುವುದಕ್ಕೆ ಒಳಬಾಗಿಲ ಪಕ್ಕ ಒಂದು ಹಲಗೆ ಇತ್ತು. ಮೇಲೊಂದು ಸಾಲು ಬೆಳಗಿನವರಿಗೆ, ಕೆಳಗೊಂದು ಸಾಲು ಮಧ್ಯಾಹ್ನದವರಿಗೆ, ವಾರದ ಪ್ರತಿ ದಿನಕ್ಕೂ ಬೇರೆ ಬೇರೆ ಮೊಳೆ. ಮೊಳೆಗೆ ನಮ್ಮ ಹೆಸರು ತೂಗುಹಾಕುತ್ತಿರಲಿಲ್ಲ, ಗುಂಡಿ ತೂಗುಹಾಕುತ್ತಿದ್ದೆವು. ರೋಗಿಗಳ ಅಂಗಿಯಿಂದ ಉದುರಿ ಒಗೆಯುವ ಯಂತ್ರದ ತಳದಲ್ಲಿ ಸಿಗುವ ಗುಂಡಿಗಳವು, ಯಾರೂ ಕೇಳಿಕೊಂಡು ಬರುತ್ತಿರಲಿಲ್ಲ. ಒಬ್ಬೊಬ್ಬರದು ಒಂದೊಂದು ಥರ. ದೊಡ್ಡಕ್ಕನದು ಕೋಟಿನ ಕಂದು ಗುಂಡಿ, ನನ್ನದು ಕೆಂಪು. ಕೆಂಪೇ ಯಾಕೆಂದರೆ ನನ್ನ ಮೂಗಿನ ತುದಿಯಲ್ಲಿ ಸದಾ ಕೋಪ ಇರುತ್ತದಂತೆ. ಲಾಂಡ್ರಿಯಲ್ಲಿ ನನಗೆ ಪಟಾಕಿ ಅಂತ ಹೆಸರಿಟ್ಟಿದ್ದಾರೆ.

ಪಾಳಿ ಅದಲುಬದಲಾಗಬೇಕಿದ್ದರೆ ಇಬ್ಬರೂ ಹಲಗೆಯ ಮುಂದೆ ನಿಂತು ನಿನ್ನ ಗುಂಡಿ ನನ್ನ ಮೊಳೆಗೆ, ನನ್ನದು ನಿನ್ನ ಮೊಳೆಗೆ ಹಾಕಿದರಾಯಿತು. ಯಾರಿಗೂ ಏನೂ ಹೇಳುವ ಅಗತ್ಯವೇ ಇರಲಿಲ್ಲ. ಒಳಗೆ ಬರುವವರು, ಹೊರಗೆ ಹೋಗುವವರು ಒಮ್ಮೆ ಹಲಗೆಯ ಕಡೆ ಕಣ್ಣು ಹಾಯಿಸುತ್ತಿದ್ದರು, ಅಷ್ಟೆ. ಮುರಿಯಬಾರದ ಕಟ್ಟಳೆ ಒಂದೇ ಇತ್ತು, ಜೋಡಿಯ ಇಬ್ಬರೂ ಒಂದೇ ದಿನ ವಾರದ ರಜೆ ತೆಗೆದುಕೊಳ್ಳುವ ಹಾಗಿಲ್ಲ. ಹಾಗಾಗಿ ದೊಡ್ಡಕ್ಕನನ್ನು ನಾನು ಕೆಲಸದಲ್ಲಿ ಬಿಟ್ಟು ಬೇರೆಲ್ಲೂ ಕಂಡವಳಲ್ಲ. "ಒಂದಿನ ಮನೆಗೆ ಬಾ" ಅಂತ ಅವಳು ಎಷ್ಟೋ ಸಲ ಕರೆದಿದ್ದಳು, "ಬರ್ತೀನಕ್ಕ" ಅಂತ ನಾನೂ ಅಷ್ಟೇ ಸಲ ಅಂದಿದ್ದೆ.

ಆಮೇಲೆ ಗಂಟೆ ಸಾಹೇಬರು ಬಂದರು. ಪಾಳಿ ನೋಡಿಕೊಳ್ಳಲೆಂದೇ ಆಸ್ಪತ್ರೆಯವರು ಕಳಿಸಿದ ಹೊಸ ಅಧಿಕಾರಿ. ಬಾಯಿ ಬಿಟ್ಟರೆ ಇಷ್ಟು ಗಂಟೆ ಕೆಲಸ, ಇಷ್ಟು ಗಂಟೆ ವಿಶ್ರಾಂತಿ. ಕೆಟ್ಟ ಮನುಷ್ಯ ಅಂತ ಬೈಯೋಣವೆಂದರೆ ಹಾಗೂ ಇಲ್ಲ. ಹಿಂದೆ ನಾವು ಒಂದು ಪಾಳಿ ಮುಗಿಸಿ ಹಾಗೇ ಇನ್ನೊಂದಕ್ಕೆ ನಿಲ್ಲುತ್ತಿದ್ದೆವು. ಹಾಗೆ ನಿಂತ ಒಂದು ದಿನ ತೂಕಡಿಸಿ ದೊಡ್ಡಕ್ಕನ ಎಡಗೈ ಇಸ್ತ್ರಿ ರೋಲರಿಗೆ ಸಿಕ್ಕಿತ್ತು. ಎರಡು ಬೆರಳು ಇವತ್ತಿಗೂ ಪೂರ್ತಿ ಚಾಚುವುದಿಲ್ಲ. ಸಾಹೇಬರು ಆ ಬೆರಳನ್ನು ನೋಡಿದ ಮಾರನೆಯ ದಿನವೇ ನಿಯಮ ಬಿಗಿ ಮಾಡಿದರು. ಎರಡು ಪಾಳಿಯ ನಡುವೆ ಹನ್ನೊಂದು ಗಂಟೆ ವಿಶ್ರಾಂತಿ ಕಡ್ಡಾಯ. ತಪ್ಪಿದರೆ ಹಾಜರಿ ಯಂತ್ರ ಹೆಬ್ಬೆಟ್ಟು ತೆಗೆದುಕೊಳ್ಳುವುದಿಲ್ಲ, ಬಾಗಿಲು ತೆರೆಯುವುದಿಲ್ಲ. ಪಾಳಿಯೆಲ್ಲ ಇನ್ನು ಮೊಬೈಲಿನಲ್ಲಿ, ಅವರವರ ಪಾಳಿ ಅವರವರಿಗೆ ಮಾತ್ರ ಕಾಣುತ್ತದೆ.

ಸೋಮವಾರ ಮಧ್ಯಾಹ್ನ ಕೆಲಸಕ್ಕೆ ಹೋದರೆ ಹಲಗೆಯೇ ಇಲ್ಲ! ಗೋಡೆಯಲ್ಲಿ ಬಿಳಿ ಚೌಕ ಉಳಿದಿತ್ತು. ನಮ್ಮ ಗುಂಡಿಗಳನ್ನೆಲ್ಲ ಒಂದು ಡಬ್ಬಿಗೆ ತುಂಬಿ ಕಿಟಕಿಯ ಮೇಲಿಟ್ಟಿದ್ದರು. ಮೊಬೈಲ್ ತೆರೆದರೆ ವಾರ ಪೂರ್ತಿ ನನಗೆ ಮಧ್ಯಾಹ್ನ, ಶುಕ್ರವಾರ ರಜೆ. ದೊಡ್ಡಕ್ಕನಿಗೆ ವಾರ ಪೂರ್ತಿ ಬೆಳಗ್ಗೆ. ನಿವೃತ್ತಿಯಾಗುವವರಿಗೆ ಕೊನೆಯ ವಾರ ಬೆಳಗಿನ ಪಾಳಿಯನ್ನೇ ಕೊಡಬೇಕಂತೆ, ಅದೂ ಒಂದು ಹೊಸ ನಿಯಮ, ಒಳ್ಳೆಯದಕ್ಕೇ ಮಾಡಿದ್ದು. ಮೊಬೈಲಿಗೆ ಪಾಳಿ ಗೊತ್ತು, ಗಂಟೆ ಗೊತ್ತು, ಜೋಡಿ ಅಂದರೆ ಏನು ಅಂತ ಗೊತ್ತಿಲ್ಲ. ನನ್ನ ಪಿತ್ತ ನೆತ್ತಿಗೇರಿತು.

ಬೆಳಗಿನ ಪಾಳಿಯಲ್ಲಿ ಕನ್ನಡಕದವಳು ಅಂತ ಒಬ್ಬಳಿದ್ದಾಳೆ, ಅವಳದೂ ಮಡಚುವ ಕೆಲಸವೇ. ಅವಳು ಹೊರಗೆ ಹೋಗುವಾಗ ಹಿಡಿದು ನಿಲ್ಲಿಸಿ ಗುರುವಾರದ ಬೆಳಗ್ಗೆಯನ್ನು ನನಗೆ ಕೊಡು, ನನ್ನ ಮಧ್ಯಾಹ್ನ ತಗೋ ಅಂತ ಒಪ್ಪಿಸಿದೆ. "ಯಾರ ಹತ್ರಾನೂ ಬಾಯಿ ಬಿಡ್ಬೇಡ" ಅಂದೆ. ಆ ದಿನ ದೊಡ್ಡಕ್ಕನ ಪಾಳಿಗೆ ಬರಲು ಎಲ್ಲರಿಗೂ ಆಸೆ, ಸುದ್ದಿ ಹಬ್ಬಿದರೆ ನನಗಿಂತ ಮುಂಚೆ ಇನ್ಯಾರೋ ಸಾಹೇಬರ ಮುಂದೆ ನಿಂತಿರುತ್ತಾರೆ ಅನ್ನುವ ಭಯ ನನಗೆ. ಅವಳು ತಲೆ ಆಡಿಸಿದಳು. ನಾನು ಸಾಹೇಬರ ಕೋಣೆಗೆ ನುಗ್ಗಿದೆ.

"ಆಗಲ್ಲಮ್ಮ" ಅಂದರು ಅವರು. "ಬುಧವಾರ ನೀವು ರಾತ್ರಿ ತನಕ ಇರ್ತೀರಿ. ಗುರುವಾರ ಬೆಳಗ್ಗೆಗೆ ಹನ್ನೊಂದು ಗಂಟೆ ವಿಶ್ರಾಂತಿ ಸಿಗಲ್ಲ."

"ಹಾಗಾದ್ರೆ ಬುಧವಾರಾನೂ ಬೆಳಗ್ಗೆಗೆ ತಿರುಗಿಸಿ ಸರ್."

"ಆಗ ಮಂಗಳವಾರ ರಾತ್ರಿಗೂ ಬುಧವಾರ ಬೆಳಗ್ಗೆಗೂ ಮಧ್ಯೆ ಸಾಲಲ್ಲ."

"ಮಂಗಳವಾರಾನೂ ತಿರುಗಿಸಿ."

"ಸೋಮವಾರ ರಾತ್ರಿ ಅಡ್ಡ ಬರುತ್ತೆ."

"ಸೋಮವಾರ ಅಂದ್ರೆ ಇವತ್ತು!"

"ಹೌದಲ್ವಾ" ಅಂದರು, ಪಾಪ, ಅವರಿಗೂ ಆಗಷ್ಟೇ ಹೊಳೆದ ಹಾಗೆ.

ಹೀಗೇ ಹಿಂದೆ ಹಿಂದೆ ಹೋಗುತ್ತಿದ್ದರೆ ನಾನು ಹುಟ್ಟಿದ ದಿನದ ಪಾಳಿಯನ್ನೇ ಬದಲಿಸಬೇಕಾಗುತ್ತದೇನೋ ಅನಿಸಿತು. "ಸರ್, ನಂಗೆ ಸುಸ್ತೇ ಆಗಲ್ಲ, ಬರೆದು ಕೊಡ್ತೀನಿ" ಅಂದೆ.

"ಸುಸ್ತಾಗಲ್ಲ ಅಂತ ಎಲ್ಲರೂ ಹೇಳ್ತಾರಮ್ಮ, ಆಮೇಲೆ ಕೈ ರೋಲರಿಗೆ ಹೋಗುತ್ತೆ."

ಆದರೂ ನಾನು ಅಲ್ಲಿಂದ ಕದಲಲಿಲ್ಲ. ಅವರೇ ಮೊಬೈಲನ್ನು ಆಚೆ ಈಚೆ ಒತ್ತಿ ಒಂದು ದಾರಿ ಹುಡುಕಿದರು. ಬುಧವಾರ ನಾನು ಸಂಬಳ ಬಿಟ್ಟು ರಜೆ ಹಾಕಿದರೆ ಗುರುವಾರ ಬೆಳಗ್ಗೆ ಬರಬಹುದು. ನಾನು ಎರಡನೇ ಮಾತಿಲ್ಲದೆ ಒಪ್ಪಿಕೊಂಡೆ. ಮೊಬೈಲಿನಲ್ಲಿ ಹಸಿರು ಬಣ್ಣ ಬಂತು. ಹಸಿರು ಬಂದರೆ ಆಯಿತು ಅಂತ ಅರ್ಥವಂತೆ.

ಮಂಗಳವಾರ ಪಾಳಿ ಬದಲಾಗುವ ಹೊತ್ತಿಗೆ ದೊಡ್ಡಕ್ಕ ಬಾಗಿಲಲ್ಲಿ ಸಿಕ್ಕಳು. ಅವಳು ಹೊರಗೆ, ನಾನು ಒಳಗೆ. ಹಿಂದೆ ಸಾಲು ನಿಂತಿತ್ತು, ಮಾತಿಗೆ ಜಾಗವಿರಲಿಲ್ಲ. ನಾನು ಮೀಸೆಯಡಿ ನಕ್ಕೆ, ಇಲ್ಲದ ಮೀಸೆಯಡಿ. ಅವಳೂ ಅದೇ ಥರ ನಕ್ಕಳು. ಇವಳಿಗೆ ಗೊತ್ತಾಗಿಬಿಟ್ಟಿದೆ ಅಂದುಕೊಂಡೆ. ಗೊತ್ತಾಗದೆ ಏನು, ನಮ್ಮ ನಡುವೆ ಯಾವತ್ತಾದರೂ ಹೇಳಿ ತಿಳಿಸುವ ಅಭ್ಯಾಸ ಇತ್ತೇ? ಆ ಸಂಜೆ ನನ್ನ ಜೊತೆ ಮಡಚುತ್ತಿದ್ದ ಉದ್ದಕ್ಕನೂ ಮಧ್ಯೆ ಮಧ್ಯೆ ನನ್ನನ್ನು ನೋಡಿ ಕಿಸಕ್ಕೆನ್ನುತ್ತಿದ್ದಳು. ಉದ್ದಕ್ಕ ಹೆಸರಿಗೆ ತಕ್ಕ ಹಾಗೆ ಉದ್ದ, ಅವಳ ಎದುರು ಮಡಚಿದರೆ ನನ್ನ ಭುಜ ನೋಯುತ್ತದೆ. ಯಾಕೆ ನಗುತ್ತಾಳೋ ಅಂತ ಒಳಗೊಳಗೇ ಬೈದುಕೊಂಡೆ.

ಬುಧವಾರ ಮನೆಯಲ್ಲಿ ಕೂತೆ. ಸುಸ್ತಾಗದವಳಿಗೆ ವಿಶ್ರಾಂತಿ ಕೊಟ್ಟರೆ ಅದು ಶಿಕ್ಷೆ. ಬೆಳಗ್ಗೆ ಎದ್ದು ಬುತ್ತಿ ಕಟ್ಟಿ, ಚಪ್ಪಲಿ ಮೆಟ್ಟಿ, ಬಾಗಿಲ ತನಕ ಹೋದ ಮೇಲೆ ಅತ್ತೆ ಕೂಗಿದರು.

"ಎಲ್ಲಿಗೆ ಹೊರಟೆ?"

"ಕೆಲಸಕ್ಕೆ."

"ಇವತ್ತು ರಜೆ ಅಂದಿದ್ದೆ."

"ಹೌದು ರಜೆ."

"ಬೆಳಗ್ಗೆ ಪಾಳಿ ನಾಳೆ ಅಂದಿದ್ದೆ."

"ಹೌದು ನಾಳೆ."

"ಮತ್ತೆ ಇವತ್ತು ಯಾವ ವಾರ ಅಂತ ನಿಂಗಾದ್ರೂ ಗೊತ್ತಾ?" ಅಂದರು ಅತ್ತೆ. ಅವರ ಮಗ, ನನ್ನ ಗಂಡ, ಬಸ್ಸಿನ ಡ್ರೈವರ್, ಅವರದೂ ಪಾಳಿಯೇ. ನಮ್ಮಿಬ್ಬರಲ್ಲಿ ಯಾರು ಯಾವಾಗ ಮನೆಯಲ್ಲಿರುತ್ತಾರೆ ಅನ್ನುವುದನ್ನು ತಿಳಿದಿರುವ ಏಕೈಕ ವ್ಯಕ್ತಿ ಅತ್ತೆ. ಅವರೇ ಕೈಬಿಟ್ಟರೆಂದರೆ ನಾನು ಪೂರ್ತಿ ಕೆಟ್ಟಿದ್ದೇನೆ ಅಂತಲೇ ಲೆಕ್ಕ.

ಗುರುವಾರ ನಾನೇ ಎಲ್ಲರಿಗಿಂತ ಮೊದಲು ಹಾಜರಿ ಯಂತ್ರದ ಮುಂದೆ ನಿಂತಿದ್ದೆ. ಹೆಬ್ಬೆಟ್ಟು ಹಿಡಿಯಿತು, ಬಾಗಿಲು ತೆರೆಯಿತು. ನಮ್ಮ ಮೇಜು ಒರೆಸಿಟ್ಟೆ, ಡ್ರೈಯರಿನಿಂದ ಬಿಸಿ ಬಿಸಿ ಬಟ್ಟೆ ತಂದು ಸುರಿದೆ. ಬಾಗಿಲು ತೆರೆದಾಗಲೆಲ್ಲ ತಲೆ ಎತ್ತಿ ನೋಡಿದೆ. ಕೊನೆಗೆ ಬಂದು ನನ್ನ ಎದುರು ನಿಂತವಳು ಉದ್ದಕ್ಕ.

"ನೀನೇನು ಇಲ್ಲಿ?" ಅಂದೆ.

"ನೀನೇನು ಇಲ್ಲಿ?" ಅಂದಳು ಅವಳೂ. ಅವಳ ಮುಖ ನೋಡನೋಡುತ್ತಲೇ ಪೆಚ್ಚಾಯಿತು. "ಅಯ್ಯೋ, ನೀನು ಮಧ್ಯಾಹ್ನ ಇರ್ಬೇಕಿತ್ತಲ್ವಾ? ನಂಗೆ ಬುಧವಾರ ವಾರದ ರಜೆ ಇತ್ತಲ್ಲ, ಅದಕ್ಕೇ ದೊಡ್ಡಕ್ಕ ನನ್ನ ಮಧ್ಯಾಹ್ನ ತಗೊಂಡ್ಳು. ನಿನ್ನ ಜೊತೆ ಮಡಚ್ಬೇಕು ಅಂತ ತಗೊಂಡ್ಳು. ಬಂದು ಎದುರಿಗೆ ನಿಂತಾಗ ಪಟಾಕಿ ಮುಖ ನೋಡ್ಬೇಕು, ಅಲ್ಲಿವರೆಗೆ ಹೇಳ್ಬೇಡ ಅಂದ್ಳು."

ನನಗೆ ಮೊದಲು ಅರ್ಥವೇ ಆಗಲಿಲ್ಲ. ಎರಡನೇ ಸಲ ಹೇಳಿಸಿದೆ. ನಾನು ಅವಳಿಗಾಗಿ ಬೆಳಗ್ಗೆಗೆ ಬಂದೆ, ಅವಳು ನನಗಾಗಿ ಮಧ್ಯಾಹ್ನಕ್ಕೆ ಹೋದಳು. ನನ್ನ ಮಧ್ಯಾಹ್ನದಲ್ಲಿ ಈಗ ಕನ್ನಡಕದವಳು, ಅವಳ ಬೆಳಗ್ಗೆಯಲ್ಲಿ ಉದ್ದಕ್ಕ. ಕಕ್ಕಾಬಿಕ್ಕಿಯಾಗಿ ಗೋಡೆಯ ಆ ಬಿಳಿ ಚೌಕವನ್ನು ನೋಡಿದೆ. ಹಲಗೆ ಇದ್ದಿದ್ದರೆ ಮಂಗಳವಾರವೇ ಕಂದು ಗುಂಡಿ ಕೆಳಗಿನ ಸಾಲಿಗೆ ಇಳಿದದ್ದು ಕಾಣುತ್ತಿತ್ತು. ನಾವಿಬ್ಬರೂ ಬಾಯಿಗೆ ಬೀಗ ಹಾಕಿಕೊಂಡದ್ದು ಹಲಗೆ ಇನ್ನೂ ಅಲ್ಲೇ ಇದೆ ಅನ್ನುವ ಹಾಗೆ.

ಸಾಹೇಬರ ಕೋಣೆಗೆ ಹೋಗಿ, "ಎರಡಕ್ಕೂ ನೀವೇ ಅಲ್ವಾ ಹಸಿರು ಒತ್ತಿದ್ದು? ನಿಮಗೂ ಕಾಣ್ಲಿಲ್ವಾ?" ಅಂತ ಕೇಳಿದೆ. ದನಿ ತಾನಾಗಿಯೇ ಏರಿತ್ತು.

ಅವರು ಎರಡೂ ಅರ್ಜಿ ತೆರೆದು ನೋಡಿದರು. ಒಂದನ್ನು ನೋಡಿದರು, ಇನ್ನೊಂದನ್ನು ನೋಡಿದರು, ಮತ್ತೆ ಮೊದಲನೆಯದನ್ನು ನೋಡಿದರು. "ಎರಡರಲ್ಲೂ ನಿಯಮ ತಪ್ಪಿಲ್ಲಮ್ಮ, ಬೆಳಗ್ಗೆ ಬೇಡ ಅಂತ ಅವರೇ ಬರೆದು ಕೊಟ್ಟಿದ್ದಾರೆ" ಅಂದರು. ಬೇಕೆಂತಲೇ ಹೇಳಿದ್ದಲ್ಲ, ಅವರಿಗೆ ನಿಜವಾಗಿಯೂ ತಪ್ಪು ಎಲ್ಲಿದೆ ಅಂತ ಸಿಗುತ್ತಿರಲಿಲ್ಲ. ನನಗೂ ಸಿಗುತ್ತಿರಲಿಲ್ಲ. ಬೈಯಲು ಯಾರೂ ಸಿಗದ ಕೋಪ ಇದೆಯಲ್ಲ, ಅದರಷ್ಟು ಕೆಟ್ಟದ್ದು ಇನ್ನೊಂದಿಲ್ಲ.

"ಮಧ್ಯಾಹ್ನವೂ ಇದ್ದುಬಿಡ್ತೀನಿ ಸರ್, ದುಡ್ಡು ಬೇಡ."

"ಇರೋ ಹಾಗಿಲ್ಲಮ್ಮ."

"ಒಂದೇ ಒಂದು ಬೆಡ್‌ಶೀಟ್."

ಅವರು ತಲೆ ತಗ್ಗಿಸಿಕೊಂಡು ಇಲ್ಲ ಅನ್ನುವ ಹಾಗೆ ಕೈ ಆಡಿಸಿದರು.

ಪಾಳಿ ಬದಲಾಗುವ ಹೊತ್ತಿಗೆ ಹೆಬ್ಬೆಟ್ಟು ಒತ್ತಿ ಹೊರಬಂದರೆ ದೊಡ್ಡಕ್ಕ ಬಾಗಿಲಲ್ಲೇ ನಿಂತಿದ್ದಳು. ಒಗೆದು ಇಸ್ತ್ರಿ ಮಾಡಿದ ಏಪ್ರನ್, ಬಾಚಿ ಬಿಗಿದ ತಲೆ, ಕೈಯಲ್ಲಿ ಬುತ್ತಿ. ನನ್ನನ್ನು ಕಂಡು ಅವಳ ನಗು ಅರ್ಧದಲ್ಲೇ ನಿಂತಿತು.

"ನೀನ್ಯಾಕೆ ಹೊರಗೆ ಬರ್ತಿದ್ದೀಯ?"

"ನೀನ್ಯಾಕೆ ಒಳಗೆ ಹೋಗ್ತಿದ್ದೀಯ?" ಅಂದೆ. ಜೋರಾಗಿಯೇ ಅಂದೆ. "ಬೆಳಗ್ಗೆ ಪಾಳಿ ಕೊಟ್ಟಿದ್ರಲ್ಲ, ತೆಪ್ಪಗೆ ಇರೋಕೆ ಆಗ್ಲಿಲ್ವಾ ನಿಂಗೆ?"

"ನಿಂಗೆ ಮಧ್ಯಾಹ್ನ ಕೊಟ್ಟಿದ್ರು. ನೀನು ತೆಪ್ಪಗೆ ಇದ್ಯಾ?"

ಇಬ್ಬರೂ ಬಾಗಿಲಿಗೆ ಅಡ್ಡ ನಿಂತು ಕಿತ್ತಾಡುತ್ತಿದ್ದರೆ ಹಿಂದಿನವರು ಹೋಗಲೂ ಆಗದೆ ಬರಲೂ ಆಗದೆ ನೋಡುತ್ತಿದ್ದರು. ಸಾಹೇಬರೂ ಬಂದು ನಿಂತರು. ದೊಡ್ಡಕ್ಕನೇ ಹೇಳಲಿ, ಅವಳ ಮಾತು ತೆಗೆದುಹಾಕಲು ಇವರಿಗೆ ಆಗುವುದಿಲ್ಲ ಅಂದುಕೊಂಡು, "ನೀನೇ ಕೇಳಕ್ಕ, ನನ್ನ ಇವತ್ತೊಂದಿನ ಬಿಡೋಕೆ ಹೇಳು" ಅಂದೆ.

ದೊಡ್ಡಕ್ಕ ಸಾಹೇಬರ ಕಡೆ ನೋಡಿದಳು. ಆಮೇಲೆ ಚಾಚಲಾಗದ ಆ ಎರಡು ಬೆರಳನ್ನು ಬಲಗೈಯಲ್ಲಿ ಉಜ್ಜಿಕೊಂಡಳು. "ನಿಯಮ ಸರಿಯಾಗಿದೆ" ಅಂದಳು. "ನೀನು ಮನೆಗೆ ಹೋಗು. ಬೆಳಗ್ಗೆಯಿಂದ ನಿಂತಿದ್ದೀಯ."

ನನಗೆ ಸಾಹೇಬರ ಮೇಲೆ ಬಂದದ್ದಕ್ಕಿಂತ ಹೆಚ್ಚು ಕೋಪ ಅವಳ ಮೇಲೆ ಬಂತು. ಹೋಗಿ ಬರ್ತೀನಿ ಅಂತಲೂ ಅನ್ನಲಿಲ್ಲ. ಅವಳು ಒಳಗೆ ಹೋದಳು. ಬಾಗಿಲ ಗಾಜಿನಲ್ಲಿ ನೋಡಿದರೆ ನಮ್ಮ ಮೇಜಿನಲ್ಲಿ ನನ್ನ ಜಾಗಕ್ಕೆ ಕನ್ನಡಕದವಳು ನಿಂತಿದ್ದಳು. ಎಳೆದರು, ಕೊಡವಿದರು, ಎದುರು ಬಂದರು. ಕನ್ನಡಕದವಳ ಕೈ ಚುರುಕು, ಎಲ್ಲೂ ಹೆಚ್ಚುಕಮ್ಮಿಯಾಗಲಿಲ್ಲ. ಹೊಟ್ಟೆ ಉರಿದುಹೋಯಿತು. ಬಸ್ಸಿನಲ್ಲಿ ಕಿಟಕಿ ಕಡೆ ಮುಖ ಮಾಡಿಕೊಂಡು ಕಣ್ಣೀರು ಹಾಕಿದೆ, ಪಕ್ಕದವಳು ಹಲ್ಲುನೋವಾ ಅಂತ ಕೇಳಿದಳು, ಹೂಂ ಅಂದೆ.

ಶುಕ್ರವಾರ ಬೆಳಗ್ಗೆ ಕೋಪ ಇಳಿದು ಅದರ ಜಾಗದಲ್ಲಿ ಏನೋ ತಳಮಳ ಕೂತಿತ್ತು. ಅತ್ತೆಗೆ ಎಲ್ಲ ಹೇಳಿದೆ. ಅವರು ತರಕಾರಿ ಹೆಚ್ಚುತ್ತಲೇ ಕೇಳಿಸಿಕೊಂಡರು.

"ಇವತ್ತು ನಿಂಗೆ ರಜೆ ತಾನೆ?"

"ಹೂಂ."

"ಅವಳಿಗೆ?"

"ಅವಳಿಗೆ ಇನ್ನು ಪಾಳಿಯೇ ಇಲ್ಲ..." ಅಂದವಳು ಅಲ್ಲೇ ನಿಂತೆ. ಇಷ್ಟು ವರ್ಷದಲ್ಲಿ ಮೊದಲ ಸಲ ನಮ್ಮಿಬ್ಬರಿಗೂ ಒಂದೇ ದಿನ ರಜೆ.

"ಮತ್ತೆ ಇಲ್ಲಿ ನಿಂತು ನನ್ನ ತಲೆ ಯಾಕೆ ತಿಂತಿದ್ದೀಯ? ಅವಳ ಮನೆ ಎಲ್ಲಿ?"

ಗೊತ್ತಿರಲಿಲ್ಲ. ಕೈ ಹಿಡಿದು ನಡೆಸಿದವಳ ಮನೆ ಯಾವ ಬೀದಿಯಲ್ಲಿದೆ ಅಂತ ಗೊತ್ತಿರಲಿಲ್ಲ! ನೀರಿನ ಟ್ಯಾಂಕಿನ ಸ್ಟಾಪಿನಲ್ಲಿ ಇಳಿಯುತ್ತಾಳೆ, ಅಷ್ಟೇ ಗೊತ್ತು. ಅಲ್ಲೇ ಇಳಿದು ಹಾಲಿನ ಅಂಗಡಿಯಲ್ಲಿ, ಹೊಲಿಗೆಯವನ ಹತ್ತಿರ ಕೇಳಿದೆ. ಹೆಸರು ಹೇಳಿದರೆ ಯಾರಿಗೂ ತಿಳಿಯಲಿಲ್ಲ. ಎಡಗೈ ಬೆರಳು ಮಡಚಿ ತೋರಿಸಿದೆ. "ಓ, ಆಸ್ಪತ್ರೆಯಮ್ಮನಾ, ಇವತ್ತೇನೋ ಬೆಳಗ್ಗೆ ಬುತ್ತಿ ಹಿಡ್ಕೊಂಡು ಸ್ಟಾಪಿಗೆ ಹೋಗಿ, ಎರಡು ಬಸ್ಸು ಬಿಟ್ಟು, ವಾಪಸ್ ಬಂದ್ರು" ಅಂದ ಹೊಲಿಗೆಯವನು. ಮೂರು ಮಹಡಿಯ ಹಳೇ ಕಟ್ಟಡ ತೋರಿಸಿದ.

ತಾರಸಿಯ ಮೇಲೆ ಒಂದು ಕೋಣೆ. ಬಾಗಿಲು ತೆರೆದೇ ಇತ್ತು. ಒಂದು ಮಂಚ, ಒಂದು ಕುರ್ಚಿ, ಗೂಟಕ್ಕೆ ತೂಗುಹಾಕಿದ ಬುತ್ತಿಚೀಲ. ದೊಡ್ಡಕ್ಕ ಹೊರಗೆ ಹಗ್ಗದ ಹತ್ತಿರ ಬೆನ್ನು ಮಾಡಿ ನಿಂತಿದ್ದಳು. ನಾನು ಬಾಗಿಲ ಹತ್ತಿರವೇ ನಿಂತೆ.

ಅವಳು ಹಗ್ಗದಿಂದ ಬೆಡ್‌ಶೀಟ್ ಎಳೆದುಕೊಂಡಳು. ಗಾಳಿಗೆ ಅದು ಮುಖಕ್ಕೆ ಬಡಿಯಿತು. ನಡುಮಧ್ಯವನ್ನು ಹೇಗೋ ಹುಡುಕಿ ಗದ್ದದ ಕೆಳಗೆ ಸಿಕ್ಕಿಸಿಕೊಂಡಳು. ಗದ್ದ ಎದೆಗೆ ಒತ್ತಿ, ಎರಡೂ ತೋಳು ಅಗಲಿಸಿ ಮೂಲೆಗಳಿಗೆ ಕೈ ಚಾಚಿದಳು. ಎಡಗೈಯ ಬೆರಳು ಹಿಡಿಯಲಿಲ್ಲ, ಮೂಲೆ ಜಾರಿತು. ಬಗ್ಗಿ ಎತ್ತಿಕೊಂಡಳು, ಗದ್ದದ ಕೆಳಗಿನದು ಜಾರಿತು. ಮತ್ತೆ ಸಿಕ್ಕಿಸಿಕೊಂಡಳು. ಯಾವ ಗಡಿಬಿಡಿಯೂ ಇಲ್ಲ, ದಿನಾ ಮಾಡಿ ಅಭ್ಯಾಸವಾದವರ ಹಾಗೆ. ಮಡಚುವುದು ಒಬ್ಬರ ಕೆಲಸವಲ್ಲ ಅಂತ ಲಾಂಡ್ರಿಗೆ ಬಂದವರಿಗೆಲ್ಲ ಹೇಳಿಕೊಟ್ಟವಳು ಮನೆಯಲ್ಲಿ ಇಷ್ಟು ವರ್ಷ ಹೀಗೆ ಮಡಚಿದ್ದಳು.

ನಾನು ಹೋಗಿ ನೆಲಕ್ಕೆ ಬಿದ್ದಿದ್ದ ಮೂಲೆಗಳನ್ನು ಎತ್ತಿಕೊಂಡೆ. ಎಳೆತಕ್ಕೆ ಅವಳು ತಲೆ ಎತ್ತಿದಳು. ಗದ್ದದ ಕೆಳಗಿನದನ್ನು ಬಿಟ್ಟು, ತನ್ನ ಎರಡು ಮೂಲೆ ಹಿಡಿದು ಒಂದು ಹೆಜ್ಜೆ ಹಿಂದೆ ಹೋದಳು. ಎಳೆದೆವು, ಕೊಡವಿದೆವು, ಅರ್ಧಕ್ಕೆ ತಂದೆವು. ಎದುರು ನಡೆದು ಹೋಗಿ ನನ್ನ ಮೂಲೆಗಳನ್ನು ಅವಳ ಕೈಗೆ ಕೊಟ್ಟು, ಮಡಿಕೆ ಹಿಡಿದು ಹಿಂದೆ ಬಂದೆ. ಇನ್ನೊಂದು ಸಲ. ಇನ್ನೊಂದು ಸಲ. ಒಂಟಿ ಮಂಚದ ಬಟ್ಟೆ ಎಷ್ಟು ಹೊತ್ತು, ಬೇಗ ಮುಗಿದುಹೋಯಿತು.

ನಾನು ಹಗ್ಗದ ಕಡೆ ನೋಡಿದೆ. ಹಗ್ಗ ಖಾಲಿ.

"ಇದೊಂದೇ ಇರೋದು" ಅಂದಳು ದೊಡ್ಡಕ್ಕ.

ಮಡಚಿದ್ದನ್ನು ಎದೆಗೆ ಅವುಚಿಕೊಂಡು ಅವಳು ಸ್ವಲ್ಪ ಹೊತ್ತು ನಿಂತಿದ್ದಳು, ಒಳಗೆ ಇಡುವುದೋ ಬೇಡವೋ ಗೊತ್ತಾಗದವಳ ಹಾಗೆ. ಆಮೇಲೆ ಅದನ್ನು ಪೂರ್ತಿ ಬಿಚ್ಚಿ ಕೊಡವಿ, ಎರಡು ಮೂಲೆಗಳನ್ನು ನನ್ನ ಕಡೆ ಚಾಚಿದಳು.

"ಹಿಡಿ" ಅಂದಳು.